ತೊಳೆಯದ ಗ್ಲಾಸು

ಅಕ್ಟೋಬರ್ 9, ಗುರುವಾರ

ಬೆಳಿಗ್ಗೆ ಗುಲಾಬಿ ಗಿಡಗಳನ್ನು ಕತ್ತರಿಸಿದೆ. ಬೆನ್ನು ಹಿಡಿದುಕೊಂಡಿತು. ಮಧ್ಯಾಹ್ನ ಟೋಸ್ಟ್ ಮೇಲೆ ಬೀನ್ಸ್ — ಒಬ್ಬಳಿಗಾಗಿ ಇನ್ನೇನು ಮಾಡಿಕೊಳ್ಳುವುದು.

ಮಗ ರಸೆಲ್ ಫೋನ್ ಮಾಡಿದ್ದ. ನಾಳೆಯಿಂದ ಟೌನ್ ಹಾಲ್‌ನಲ್ಲಿ ಏಲ್ ಹಬ್ಬ, ಅಂದರೆ ಬಿಯರುಗಳ ಮೇಳ. ಅವನ ಹೆಂಡತಿ ಟ್ಯಾಮ್ಸಿನ್ ಮಾಡಿದ ಬಿಯರಿನ ಒಂದು ಪೀಪಾಯಿಯನ್ನೂ ಇಡುತ್ತಾರಂತೆ. ಮೊದಲ ಸಲ. ಶನಿವಾರ ಹನ್ನೆರಡಕ್ಕೆ ತೀರ್ಪುಗಾರರು ರುಚಿ ನೋಡುತ್ತಾರೆ. "ಹೋಗ್ಬಾರಮ್ಮ, ಅವಳಿಗೆ ಖುಷಿ ಆಗತ್ತೆ." ನೋಡೋಣ ಎಂದೆ.

ಹಲ್ಲಿನ ಡಾಕ್ಟರ ಹತ್ತಿರ ಹನ್ನೊಂದು ವರ್ಷ ರಿಸೆಪ್ಷನ್‌ನಲ್ಲಿ ಕೂತಿದ್ದವಳು ನನ್ನ ಸೊಸೆ. ಭದ್ರವಾದ ಕೆಲಸ. ಅದನ್ನು ಬಿಟ್ಟು ಟೈರ್ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಬಿಯರ್ ಕುದಿಸುತ್ತಾಳೆ. ಇದು ನಿನ್ನ ಕೈಲಾಗುವ ಕೆಲಸವಲ್ಲ ಎಂದು ಮಾರ್ಚ್‌ನಲ್ಲೇ ಹೇಳಿದ್ದೆ. ಅಂದಿನಿಂದ ನಾವಿಬ್ಬರೂ ಹವೆಯ ವಿಷಯ ಬಿಟ್ಟು ಬೇರೇನೂ ಮಾತಾಡಿಲ್ಲ.

ಅರವತ್ತಾರು ವರ್ಷ ಈ ಊರಿನಲ್ಲೇ ಕಳೆದಿದ್ದೇನೆ. ಆ ಹಬ್ಬಕ್ಕೆ ಒಮ್ಮೆಯೂ ಕಾಲಿಟ್ಟಿಲ್ಲ. ಹೋಗುತ್ತೇನೆ. ಹೇಳದೆ.

ಅಕ್ಟೋಬರ್ 10, ಶುಕ್ರವಾರ. ಮಧ್ಯಾಹ್ನ 2.20, ಟೌನ್ ಹಾಲ್

ಡೈರಿ ಬ್ಯಾಗಿನಲ್ಲೇ ಇತ್ತು, ಒಳ್ಳೆಯದಾಯಿತು. ಒಬ್ಬಳೇ ಕೂತವಳ ಕೈಗೆ ಏನಾದರೂ ಕೆಲಸ ಬೇಕು. ಹಾಲ್ ತುಂಬ ಗಡ್ಡಗಳು. ಗಡ್ಡದ ಕೆಳಗೆ ಹಿಂದಿನ ಹಬ್ಬಗಳ ಟೀ ಶರ್ಟು, ಅದರೊಳಗೆ ಹೊಟ್ಟೆ. ಗೋಡೆಯುದ್ದಕ್ಕೂ ಮಲಗಿಸಿದ ಪೀಪಾಯಿಗಳು, ಮೇಲೆ ಒದ್ದೆ ಬಟ್ಟೆ. ಬಾಗಿಲಲ್ಲಿ ಒಂದು ಗ್ಲಾಸು ಕೊಟ್ಟರು. ದಿನವಿಡೀ ಅದೊಂದೇ.

ಪರಿಚಯದ ರುಚಿ ಎಂದು ಮೊದಲು ಸೈಡರ್ ತೆಗೆದುಕೊಂಡೆ. ಸೇಬಿನ ರಸ ಹುಳಿಸಿ ತೋಟದಲ್ಲೇ ಮಾಡಿದ್ದು, ಹಲ್ಲು ಜುಂ ಎನ್ನುವಷ್ಟು ಹುಳಿ. ತಳದಲ್ಲಿ ಒಂದು ಗುಟುಕು ಉಳಿಯಿತು. ಹಾಗೇ ಹಿಡಿದುಕೊಂಡು ಟ್ಯಾಮ್ಸಿನ್ ಪೀಪಾಯಿಯ ಮುಂದೆ ನಿಂತೆ. ನಂಬರ್ 23. ಚೀಟಿಯಲ್ಲಿ ಅವಳದೇ ಗುಂಡು ಅಕ್ಷರ. ಕೌಂಟರಿನ ಹಿಂದಿದ್ದ ಗಡ್ಡಕ್ಕೆ ಕ್ಲೈವ್ ಎಂಬ ಬ್ಯಾಡ್ಜು.

"ಮೇಡಂ, ಇದು ನಿಮ್ಗೆ ಕಹಿ ಆಗ್ಬಹುದು. ಆ ಕಡೆ ರಾಸ್‌ಬೆರಿ ಹಾಕಿದ್ದಿದೆ. ಹೆಂಗಸ್ರೆಲ್ಲ ಅದನ್ನೇ ಕೇಳೋದು."

ಮೈ ಉರಿಯಿತು. "ನಾನು ಕೇಳಿದ್ದು ಇಪ್ಪತ್ಮೂರು."

ಹಾಕಿಕೊಟ್ಟ. ಕುಡಿದೆ. ಹುಳಿ. ಶುದ್ಧ ವಿನೆಗರ್. "ಕೆಟ್ಟಿದೆ" ಎಂದೆ, ಗಟ್ಟಿಯಾಗಿಯೇ.

ಕ್ಲೈವ್ ಮೂಸಿ ನೋಡಿದ. ನನ್ನ ಗ್ಲಾಸಿನಿಂದಲೇ ಒಂದು ಗುಟುಕು ಕುಡಿದ. ಮುಖ ಕಿವುಚಿದ. "ಸರಿಯಾಗ್ ಹೇಳಿದ್ರಿ ಮೇಡಂ! ಬೆಳಿಗ್ಗೆಯಿಂದ ಇಪ್ಪತ್ತು ಜನ ಕುಡಿದಿದ್ದಾರೆ, ಒಬ್ರಿಗೂ ಗೊತ್ತಾಗಿಲ್ಲ ನೋಡಿ." ಚೀಟಿಯನ್ನು ಬೋರಲು ಮಾಡಿ ನಲ್ಲಿಯ ಮೇಲೆ ಟವಲ್ ಹಾಕಿದ. ಇನ್ನು ಆ ಪೀಪಾಯಿಯಿಂದ ಯಾರಿಗೂ ಕೊಡುವುದಿಲ್ಲವಂತೆ. ತೀರ್ಪುಗಾರರಿಗೂ ಇಲ್ಲ. ಗ್ಲಾಸು ಬಗ್ಗಿಸಿ ಚೆಲ್ಲಿ, ಬೇರೆ ಬಿಯರ್ ಪುಕ್ಕಟೆ ತುಂಬಿಸಿಕೊಟ್ಟ. ಪಕ್ಕದ ಎರಡು ಗಡ್ಡಗಳು ಸರಿದು ನನಗೆ ಜಾಗ ಬಿಟ್ಟವು.

ನನ್ನ ಸೊಸೆಯದು ಎಂದು ನಾನು ಹೇಳಲಿಲ್ಲ. ಇದನ್ನು ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ — ಖುಷಿಯಾಯಿತು. ಮಾರ್ಚ್‌ನಲ್ಲೇ ಹೇಳಿದ್ದೆನಲ್ಲ.

ಅದೇ ದಿನ, ಸಂಜೆ 5, ಮನೆ

ಇನ್ನೂ ಕೋಟು ಬಿಚ್ಚಿಲ್ಲ.

ಅಷ್ಟು ಬರೆದು, ಪುಕ್ಕಟೆ ಬಿಯರನ್ನು ಬಾಯಿಗಿಟ್ಟೆ. ಅದೂ ಹುಳಿ. ಸ್ವಲ್ಪ ಕಡಿಮೆ, ಆದರೆ ಅದೇ ಹುಳಿ. ಎದುರಿಗೆ ಐವರ್ ಬಂದು ಕೂತಿದ್ದ. ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವನು. ಪ್ರತಿ ವರ್ಷ ಈ ಹಬ್ಬದಲ್ಲಿ ಮೂರು ದಿನವೂ ಹಾಜರು. "ಇದೂ ಕೆಟ್ಟಿದೆ ನೋಡು" ಎಂದೆ. ಎಂಥ ಗತ್ತು ನನ್ನದು!

ಐವರ್ ಮೂಸಿದ. ಹಲ್ಲಿನ ಸೆಟ್ಟು ಅಲ್ಲಾಡುವಂತೆ ನಕ್ಕ.

"ಅಯ್ಯೋ ತಾಯೀ, ಇದ್ರಲ್ಲಿ ಸೈಡರ್ ಕುಡಿದ್ಯಾ?"

"ಹೂಂ."

"ಗ್ಲಾಸು ತೊಳೆದ್ಯಾ?"

"ಎಲ್ಲಿ ತೊಳೆಯೋದು?"

"ಮೇಜಿನ ಮೇಲೆ ಜಗ್ಗಲ್ಲಿ ನೀರು ಯಾಕಿಟ್ಟಿದ್ದಾರೆ ಅಂದ್ಕೊಂಡೆ, ಹೂವು ಇಡೋಕಾ? ಒಂದು ಮುಗಿಸಿ ಇನ್ನೊಂದಕ್ಕೆ ಹೋಗೋ ಮುಂಚೆ ತೊಳ್ಕೋಬೇಕು ಮಾರಾಯ್ತಿ. ಹೊಸಬ್ರೆಲ್ಲ ಹಿಂಗೇ."

ತಾನೇ ತೊಳೆದು, ತನ್ನ ಗ್ಲಾಸಿನಿಂದ ನನ್ನದಕ್ಕೆ ಸ್ವಲ್ಪ ಸುರಿದ. "ಈಗ ಕುಡಿ. ಇಪ್ಪತ್ಮೂರನೇ ನಂಬರು. ಟವಲ್ ಹಾಕೋ ಮುಂಚೆ ತಗೊಂಡಿದ್ದೆ. ಯಾರೋ ಕೆಟ್ಟಿದೆ ಅಂದ್ರಂತೆ — ಅವ್ರ ನಾಲ್ಗೆ ಸೇದ್ಹೋಗ. ಈ ಹಾಲ್‌ನಲ್ಲಿ ಇದಕ್ಕಿಂತ ಚೆನ್ನಾಗಿರೋದು ಇನ್ನೊಂದಿಲ್ಲ."

ಕುಡಿದೆ. ಬಿಸಿ ಬ್ರೆಡ್ಡಿನ ಅಂಚಿನ ರುಚಿ, ಕೊನೆಯಲ್ಲಿ ಕಿತ್ತಳೆ ಸಿಪ್ಪೆಯಷ್ಟು ಕಹಿ. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು.

ಕೌಂಟರ್ ಇಪ್ಪತ್ತು ಹೆಜ್ಜೆ ದೂರ. ಎದ್ದು ಹೋಗಿ ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕ್ಲೈವ್ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದ. ನಾನೂ ಎತ್ತಿದೆ. ಆಮೇಲೆ ಬಸ್ ಹಿಡಿದು ಮನೆಗೆ ಬಂದೆ.

ಅಕ್ಟೋಬರ್ 11, ಶನಿವಾರ. ಬೆಳಿಗ್ಗೆ 9

ತೀರ್ಪು ಹನ್ನೆರಡಕ್ಕೆ. ಹತ್ತೂವರೆಯ ಬಸ್ಸಿಗೆ ಹೋದರೂ ಸಾಕು. ಕ್ಲೈವ್‌ಗೆ ಮಾತ್ರ ಹೇಳಿದರಾಯಿತು. ಅವನು ತೊಳೆದ ಗ್ಲಾಸಿನಲ್ಲಿ ಕುಡಿದು ನೋಡಿ ಟವಲ್ ತೆಗೆಯುತ್ತಾನೆ. ನಗುತ್ತಾನೆ, ನಗಲಿ.

10.50

ಸ್ಟಾಪಿನ ತನಕ ಹೋದೆ. ಬಸ್ ಬಂತು. ಡ್ರೈವರ್ ಬಾಗಿಲು ತೆಗೆದು ಕಾದ. ಬೇರೆ ಬಸ್ಸಿಗೆ ಕಾಯುತ್ತಿದ್ದೇನೆ ಎಂದೆ. ಆ ಸ್ಟಾಪಿಗೆ ಬೇರೆ ಬಸ್ಸೇ ಇಲ್ಲ. ಅವನಿಗೂ ಗೊತ್ತು.

12.30

ಓವನ್ ಉಜ್ಜಿದೆ.

ಅಕ್ಟೋಬರ್ 12, ಭಾನುವಾರ

ರಸೆಲ್ ಫೋನ್. ದನಿ ಬಿದ್ದುಹೋಗಿತ್ತು. "ಅಮ್ಮ, ಅವಳು ಉಳಿದ ಪೀಪಾಯಿಗಳನ್ನೂ ಮೋರಿಗೆ ಸುರಿದ್ಬಿಟ್ಳು. ಎಲ್ಲಾ."

"ರುಚಿ ನೋಡ್ದೇನಾ?"

"ನೋಡಿದ್ಳು. ಅವಳಿಗೆ ಸರಿಯಾಗೇ ಅನ್ನಿಸ್ತಂತೆ. ಅದಕ್ಕೇ ಅಳ್ತಿದ್ದಾಳೆ. ಹುಳಿ ಹೊಡೆದಿದ್ದು ನಂಗೆ ಗೊತ್ತೇ ಆಗ್ತಿಲ್ಲ, ಅಂದ್ರೆ ನನ್ನ ನಾಲಿಗೇನೇ ಸರಿಯಿಲ್ಲ ಅಂತ. ಯಾರೋ ವಯಸ್ಸಾದ ಹೆಂಗಸಂತೆ, ಒಂದೇ ಗುಟುಕಿಗೆ ಕಂಡುಹಿಡಿದ್ಲಂತೆ." ಆಮೇಲೆ ಕೇಳಿದ, "ನೀನು ಹೋಗಿದ್ಯಾ?"

"ಇಲ್ಲಪ್ಪ. ಬೆನ್ನು ನೋವಿತ್ತು."

ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಹೇಳಿದ ಸುಳ್ಳು. ಥೂ.

ಅಕ್ಟೋಬರ್ 19, ಭಾನುವಾರ

ಒಂದು ವಾರ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಹತ್ತನೇ ತಾರೀಖಿನ ಪುಟ ಕಣ್ಣಿಗೆ ಬೀಳುತ್ತದೆ.

ಇಂದು ಟ್ಯಾಮ್ಸಿನ್ ಒಬ್ಬಳೇ ಬಂದಳು. ಬೇಯಿಸಿದ ಸೇಬಿನ ಸಿಹಿ ಕ್ರಂಬಲ್ ತಂದಿದ್ದಳು. ಕೋಟು ಬಿಚ್ಚದೆ ಕುರ್ಚಿಯ ಅಂಚಿನಲ್ಲಿ ಕೂತಳು.

"ಮಾರ್ಜರಿ, ಮಾರ್ಚ್‌ನಲ್ಲಿ ನೀವು ಹೇಳಿದ್ದು ಸರಿಯಾಗಿತ್ತು. ಆವತ್ತು ಸಿಟ್ಟು ಬಂತು ನಂಗೆ. ಏಳು ತಿಂಗಳು ಮುಖ ಕೊಟ್ಟು ಮಾತಾಡ್ಲಿಲ್ಲ. ಸಾರಿ."

ಅವಳು ನನ್ನ ಕ್ಷಮೆ ಕೇಳುತ್ತಿದ್ದಾಳೆ. ನನ್ನ!

ಹಲ್ಲಿನ ಡಾಕ್ಟರು ವಾಪಸ್ ತೆಗೆದುಕೊಳ್ಳುತ್ತಾರಂತೆ. ಮಂಗಳವಾರ ಹತ್ತು ಗಂಟೆಗೆ ಹೆರೆಫರ್ಡ್‌ನಿಂದ ಒಬ್ಬ ಬಂದು ಹಂಡೆ, ಪೀಪಾಯಿ ಎಲ್ಲ ಕೊಂಡು ಹೋಗುತ್ತಾನೆ. "ಒಳ್ಳೇದೇ ಆಯ್ತು ಬಿಡಿ. ನೀವಾದ್ರೂ ಮುಖದ ಮೇಲೆ ನಿಜ ಹೇಳಿದ್ರಿ. ಬೇರೆಯವ್ರೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಅಂದ್ರು."

ಬಾಯಿ ತೆರೆದೆ. "ಇನ್ನೊಂದು ಕಪ್ ಚಹಾ ಹಾಕ್ಲಾ?" ಎಂಬ ಮಾತು ಹೊರಗೆ ಬಂತು.

ಅಕ್ಟೋಬರ್ 21, ಮಂಗಳವಾರ. ಬೆಳಿಗ್ಗೆ 9.45, ಟೈರ್ ಅಂಗಡಿಯ ಗೋಡೆ ಮೇಲೆ ಕೂತು

ಹೇಳಿಬಿಟ್ಟೆ.

ಎಂಟೂವರೆಗೇ ಅವಳ ಶೆಡ್ಡಿಗೆ ಬಂದೆ. ಕೊಂಡು ಹೋಗುವವನಿಗೆ ಕೊಳಕು ಕೊಡಬಾರದೆಂದು ಅವಳು ಹಂಡೆ ಉಜ್ಜುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಸೈಡರ್, ತಳದ ಗುಟುಕು, ಕ್ಲೈವ್, ಟವಲ್, ಐವರ್ ಕುಡಿಸಿದ್ದು, ಹತ್ತದ ಬಸ್ಸು, ರಸೆಲ್‌ಗೆ ಹೇಳಿದ ಸುಳ್ಳು. "ನಿನ್ನ ನಾಲಿಗೆ ಸರಿಯಾಗೇ ಇದೆ. ಕೆಟ್ಟಿದ್ದು ನನ್ನ ಗ್ಲಾಸು." ಅಳು ಬಂದರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಂಡೆ.

ಟ್ಯಾಮ್ಸಿನ್ ಬೈಯಲಿಲ್ಲ. ಕೈ ಒರೆಸಿಕೊಂಡು, ಹೊರಗೆ ಹೋಗಿ ಫೋನ್ ಮಾಡಿದಳು. "ಬರ್ಬೇಡಿ. ಹೂಂ, ಮನಸ್ಸು ಬದಲಾಯ್ತು. ಇಲ್ಲ, ಕೊಡಲ್ಲ." ಹಲ್ಲಿನ ಡಾಕ್ಟರಿಗೂ ಮಾಡಿದಳು. ಒಳಗೆ ಬಂದು ಬೆನ್ನು ಹಾಕಿ ಮತ್ತೆ ಉಜ್ಜಲು ತೊಡಗಿದಳು. ಮುಗಿಯಿತು, ಹೋಗಬಹುದು ಎಂದುಕೊಂಡೆ. ಬಾಗಿಲ ಹತ್ತಿರ ಬಂದಿದ್ದೆ.

"ಮಾರ್ಜರಿ."

ತಿರುಗಿದೆ. ಅವಳು ತಿರುಗಿರಲಿಲ್ಲ.

"ಅವ್ನು ಟವಲ್ ಹಾಕ್ದಾಗ — ನಿಮ್ಗೆ ಖುಷಿ ಆಯ್ತಾ?"

ಇಲ್ಲ ಎಂದೆ. ಎಷ್ಟು ಬೇಗ ಎಂದೆನೆಂದರೆ, ಹೌದು ಎಂದಂತೆಯೇ ಆಯಿತು.