ದುಂಡವ್ವ ಹೇಳಲು ಒಪ್ಪದ ಮಾತು

೨೧೮೬ನೆಯ ಇಸವಿ, ಫೆಬ್ರವರಿ ಮೂವತ್ತು
ಹಿರೇಬಂಡೆ, ಕೊಪ್ಪಳ ಸೀಮೆ

ಹಿಂದಿನ ಕಾಲದಲ್ಲಿರುವ ನಿಮಗೆ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಐದನೆಯ ತರಗತಿಯ ತನಕ ಮಾತ್ರ ಓದಿದವಳು ಎಂದು ತಿಳಿದು ಕ್ಷಮಿಸಬೇಕು. ನಮ್ಮಲ್ಲಿ ಈಗ ಯಾರೂ ಕೈಯಿಂದ ಬರೆಯುವುದಿಲ್ಲ. ಮನೆಯ ಗೋಡೆಯ ಮುಂದೆ ಮಾತಾಡಿದರೆ ಗೋಡೆಯೇ ಬರೆದುಕೊಳ್ಳುತ್ತದೆ, ತಪ್ಪನ್ನೂ ತಿದ್ದುತ್ತದೆ. ಆದರೆ ಗೋಡೆಯ ಮುಂದೆ ಮಾತಾಡಲೂ ನನಗೆ ನಾಚಿಕೆ. ಅದಕ್ಕೇ ಪೆನ್ಸಿಲು ಹುಡುಕಿ ತಂದೆ. ಫೆಬ್ರವರಿ ಮೂವತ್ತು ಎಂಬ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವಂತೆ. ನಮ್ಮಲ್ಲಿ ಎಲ್ಲ ತಿಂಗಳುಗಳನ್ನೂ ಸಮ ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಬಿಡುವೆಂದು ಇಟ್ಟಿದ್ದಾರೆ. ಈ ಕಾಗದವನ್ನು ಇಲ್ಲಿಯ ಆಸ್ಪತ್ರೆಯ ಹಿಂದಂಚೆಯ ಡಬ್ಬಿಗೆ ಹಾಕುತ್ತೇನೆ. ಗುಣವಾಗಿ ಮನೆಗೆ ಹೋಗುವವರು ಹಳೆಯ ಕಾಲದವರಿಗೆ ಬರೆದು ಹಾಕುವ ಡಬ್ಬಿ ಅದು. ಕಾಗದ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆದರೂ ಎಲ್ಲರೂ ಹಾಕುತ್ತಾರೆ.

ನನ್ನ ಹೆಸರು ಲಿಂಬೆವ್ವ. ನೂಲು ತೊಳೆಯುವ ಮನೆಯಲ್ಲಿ ಕೆಲಸ ಮಾಡುತ್ತೇನೆ. ತಾಯಿ ತಂದೆ ಇಲ್ಲದ ನನ್ನನ್ನು ಸಾಕಿದವಳು ಅಜ್ಜಿ ದುಂಡವ್ವ. ಅಜ್ಜಿ ಒಂದು ಕಡೆ ಕೂರುವ ಹೆಂಗಸಲ್ಲ. ನಮ್ಮಲ್ಲಿ ಮಧ್ಯಾಹ್ನವೆಲ್ಲ ಬಿಸಿಲುಬಾಗಿಲು, ಅಂದರೆ ಬಿಸಿಲು ಇಳಿಯುವ ತನಕ ಊರಿನ ಎಲ್ಲ ಬಾಗಿಲುಗಳನ್ನೂ ಹಾಕಿಕೊಂಡು ಒಳಗಿರಬೇಕೆಂಬ ಕಾನೂನು. ಬಾಗಿಲು ತೆರೆಯುವ ಗಂಟೆ ಬಾರಿಸಿದೊಡನೆ ಮೊದಲು ಬೀದಿಗೆ ಇಳಿಯುತ್ತಿದ್ದವಳು ಅವಳೇ. ಓಣಿಯ ಈ ತುದಿಯಿಂದ ಆ ತುದಿಯ ತನಕ ಎಲ್ಲರ ಕಟ್ಟೆಗೂ ಹೋಗಿ, ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿ, ಇಬ್ಬರಿಂದಲೂ ಬೈಸಿಕೊಂಡು ಬರುವುದು ಅವಳ ದಿನಚರಿ. ಹೋದ ಸುಗ್ಗಿಯಲ್ಲಿ ಹೀಗೇ ಹೊರಟವಳು ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು.

ಅಂಥ ಎಲುಬು ಕೂಡಿಸುವುದು ಹಿರೇಬಂಡೆಯ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ. ಬಂಡೆಯನ್ನು ಕೊರೆದು ಒಳಗೆ ಕಟ್ಟಿದ ಆಸ್ಪತ್ರೆ ಅದು. ಗಾಳಿಬಂಡಿಯಲ್ಲಿ ಹಾಯಿ ಬಿಚ್ಚಿಕೊಂಡು ಬೆಳಗಿನ ತಂಪಿನಲ್ಲೇ ಹೊರಟೆವು. ಹೊರಡುವಾಗ ಎದುರುಮನೆಯ ಶಂಕ್ರವ್ವ ಓಡಿ ಬಂದು, “ಏ ಲಿಂಬಿ, ನಿಮ್ಮಜ್ಜಿದು ನೇರದಾರಿನೋ ಕೂಟದಾರಿನೋ? ಮೊದಲ ಅದನ್ನ ನೋಡ್ಕೊ. ನಮ್ಮತ್ತಿನ ಕರಕೊಂಡ್ ಹೋಗಿ ನಾ ಬಾಗಲಾಗಿಂದ ತಿರುಗಿ ಬಂದೀನಿ” ಎಂದು ಎಚ್ಚರಿಸಿದಳು. ಇದನ್ನು ನಿಮಗೆ ಬಿಡಿಸಿ ಹೇಳಬೇಕು. ವಯಸ್ಸಾದವರ ಚಿಕಿತ್ಸೆಯನ್ನು ನೋಡಿಕೊಳ್ಳುವ ಏರ್ಪಾಡಿಗೆ ನಾವು ಹಿರಿಕಾವಲು ಎನ್ನುತ್ತೇವೆ. ನೇರದಾರಿಯವರು ಹಿರಿಕಾವಲನ್ನು ಒಪ್ಪುವ ಯಾವ ಆಸ್ಪತ್ರೆಗಾದರೂ ಹೋಗಬಹುದು. ಕೂಟದಾರಿಯವರಿಗೆ ತಮ್ಮ ಕೂಟದ ಆಸ್ಪತ್ರೆಗಳೇ ಆಗಬೇಕು, ದೊಡ್ಡ ಚಿಕಿತ್ಸೆಯಾದರೆ ಮುಂಚೆಯೇ ಕೇಳಿ ಒಪ್ಪಿಗೆ ಪಡೆಯಬೇಕು. ಅವರಿಗೆ ಕಣ್ಣು ಹಲ್ಲಿನ ಅನುಕೂಲಗಳು ಹೆಚ್ಚು. ಯಾವುದು ಒಳ್ಳೆಯದು ಎಂದು ಹೇಳುವಷ್ಟು ನನಗೆ ತಿಳಿಯದು. ಅಜ್ಜಿ ನೇರದಾರಿಯವಳು. ಹಿರೇಬಂಡೆಯವರು ಅದನ್ನು ಒಪ್ಪುತ್ತಾರೆಂದು ಗೊತ್ತಾದ ಮೇಲೆ ನಾನು ನಿಶ್ಚಿಂತಳಾದೆ.

ಆಸ್ಪತ್ರೆಯ ಬಾಗಿಲಲ್ಲಿ ಮಾತುಗಂಬ ಇರುತ್ತದೆ. ಬಂದವರ ಸೀಮೆಯ ಭಾಷೆಯಲ್ಲೇ ಅದು ವಿಚಾರಿಸುತ್ತದೆ. “ಯವ್ವಾ, ಆಸ್ಪತ್ರ್ಯಾಗ ಇರ್ತೀರೋ, ಬಂದು ಹೋಗ್ತೀರೋ?” ಎಂದು ಕೇಳಿತು. ಅಷ್ಟು ನೋವಿನಲ್ಲೂ ಅಜ್ಜಿ, “ಇರಾಕ ಯಾಕ ಬರಲೋ? ಬಂದು ಹೋಗಾಕ ಬಂದೀನಿ” ಎಂದಳು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಕಡೆ ಯಾರೂ ಆಸ್ಪತ್ರೆಯಲ್ಲಿ ಇರುತ್ತೇನೆ ಎನ್ನುವುದಿಲ್ಲ. ಹಾಗೆ ಅಂದವರು ಅಲ್ಲೇ ಇದ್ದುಬಿಡುತ್ತಾರೆ ಎಂಬ ಭಯ. ಒಳಗೆ ಡಾಕ್ಟರ್ ತೊರಗಲ್ಲ ಎಂಬವರು ಕೇಳಿದಾಗಲೂ, “ಕೊಯ್ಯಪ್ಪಾ, ಕೂಡಸು, ಏನರ ಮಾಡು. ಇರು ಅಂತ ಮಾತ್ರ ಅನಬ್ಯಾಡ” ಎಂದಳು. ಅವರು ನಕ್ಕು, ಅವಳು ಒಪ್ಪಿದಂತೆ ಆ ದಿನವೇ ಎಲುಬು ಕೂಡಿಸಿದರು.

ಮರುದಿನ ಬೆಳಿಗ್ಗೆ ಖತೀಜಾಬಿ ಎಂಬವರು ಬಂದರು. ಅವರು ಬಿಡಿಸುಗಾರ್ತಿ. ಹಿರಿಕಾವಲಿನ ನಿಯಮಗಳನ್ನು ರೋಗಿಗೆ ಬಿಡಿಸಿ ಹೇಳುವುದು ಅವರ ಕೆಲಸ. ನಿಂತು ಹೇಳುವಂತಿಲ್ಲ, ಹಾಸಿಗೆಯ ಪಕ್ಕ ಕೂತೇ ಹೇಳಬೇಕು. ಅವರು ಸ್ಟೂಲು ಎಳೆದುಕೊಂಡು ಕೂತು, “ದುಂಡವ್ವಾರ, ನೀವು ನೋಟದಾಗ ಅದೀರಿ. ಒಳಗಿಲ್ಲ” ಎಂದರು.

“ಒಳಗಿಲ್ಲ ಅಂದ್ರ? ಮತ್ತ ನಾ ಏನು ಗಿಡದ ಮ್ಯಾಲ ಮಲಗೀನೇನವಾ?”

ಖತೀಜಾಬಿ ನಗುತ್ತಲೇ ವಿವರಿಸಿದರು. ಆಸ್ಪತ್ರೆಯಲ್ಲಿ ಎರಡು ಬಗೆಯವರು ಮಲಗಿರುತ್ತಾರೆ. ಒಳಗಿನವರು ಎಂದರೆ ದಾಖಲಾದವರು. ನೋಟದವರು ಎಂದರೆ, ಏನಾಗುತ್ತದೋ ನೋಡೋಣ ಎಂದು ಇಟ್ಟುಕೊಂಡವರು. ಇಬ್ಬರಿಗೂ ಅದೇ ಹಾಸಿಗೆ, ಅದೇ ಗಂಜಿ, ಅದೇ ನರ್ಸು. ನೋಡಿದರೆ ಯಾರಿಗೂ ವ್ಯತ್ಯಾಸ ತಿಳಿಯದು. ಆದರೆ ಮೂರು ರಾತ್ರಿ ಒಳಗಿನವರಾಗಿ ಇದ್ದವರನ್ನು ಮಾತ್ರ ಹಿರಿಕಾವಲು ನಡೆಮನೆಗೆ ಕಳಿಸುತ್ತದೆ. ನಡೆಮನೆ ಎಂದರೆ ಬಿದ್ದವರಿಗೆ ಮತ್ತೆ ನಡೆಯಲು ಕಲಿಸುವ ಜಾಗ. ಎಲುಬು ಕೂಡಿದರೂ ಅಲ್ಲಿಗೆ ಹೋಗದಿದ್ದರೆ, ಅಜ್ಜಿಯ ವಯಸ್ಸಿನವರು ಹಾಸಿಗೆ ಬಿಟ್ಟು ಏಳುವುದು ಕಷ್ಟ. ಖತೀಜಾಬಿ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿದರು.

“ಹಂಗಾರ ಒಳಗ ಅಂತ ಬರಕೋ ಅಂತ ಡಾಕ್ಟರಗ ಹೇಳು” ಎಂದಳು ಅಜ್ಜಿ.

“ಅವರು ಬರದಾರ. ನೀವು ಬಾಯಿಲೆ ಅನ್ನಬೇಕು. ಕೇಳದ ಯಾರನ್ನೂ ಒಳಗ ಹಾಕ್ಕೊಳ್ಳೂ ಹಂಗಿಲ್ಲ. ಆಸ್ಪತ್ರ್ಯಾಗ ಇರ್ತೀನಿ ಅಂತ ಒಂದ ಮಾತು ಅಂದ್ರ ಸಾಕು.”

ಅಜ್ಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. “ಆ ಮಾತು ನನ್ನ ಬಾಯಾಗ ಬರೂದಿಲ್ಲ. ಈ ಲಿಂಬಿ ಅಜ್ಜ ಅಂದಿದ್ದ. ನಾ ಇಲ್ಲೇ ಇರ್ತೀನಿ, ನೀ ಮನಿಗಿ ಹೋಗಿ ಉಂಡು ಬಾ ಅಂದ. ನಾ ಉಂಡು ಬರೂದ್ರಾಗ ಇದ್ದಿಲ್ಲ.”

ಅಷ್ಟರಲ್ಲಿ ಡಾಕ್ಟರ್ ತೊರಗಲ್ಲ ಬಂದರು. “ಅಜ್ಜೀ, ಬರೇ ಮಾತಲ್ಲೇನು? ಅಂದುಬಿಡು” ಎಂದರು.

“ನಿನಗೇನಪ್ಪಾ, ದಿನಾ ಸಂಜಿಕ ಮನಿಗಿ ಹೋಗಾಂವ. ನೀ ಅನ್ನು” ಎಂದಳು ಅಜ್ಜಿ. ತನ್ನ ಪರವಾಗಿ ಮೊಮ್ಮಗಳು ಹೇಳಬಹುದೇ ಎಂದೂ ಕೇಳಿ ನೋಡಿದಳು. ಎಚ್ಚರವಿರುವ ರೋಗಿಯ ಬದಲು ಬೇರೆಯವರು ಹೇಳುವಂತಿಲ್ಲ ಎಂದರು ಖತೀಜಾಬಿ.

ನಾನು ನೂಲಿನ ಮನೆಯಲ್ಲಿ ಕೂಡ ತಲೆ ಎತ್ತಿ ಮಾತಾಡುವವಳಲ್ಲ. ಆದರೆ ಅಜ್ಜಿ ಇನ್ನು ಮೇಲೆ ಬೀದಿಗೆ ಇಳಿಯುವುದಿಲ್ಲ, ಗಂಟೆ ಬಾರಿಸಿದಾಗ ಹಾಸಿಗೆಯಿಂದಲೇ ಕೇಳಿಸಿಕೊಳ್ಳುತ್ತಾಳೆ ಎಂದು ನೆನೆದು ನನಗೆ ತಡೆಯಲಾಗಲಿಲ್ಲ. “ಆ ಮಾತ ಅನ್ನಬೇಕೇನ್ರೀ? ಬ್ಯಾರೆ ಮಾತಿಲೆ ಅಂದ್ರ ನಡ್ಯೂದಿಲ್ಲೇನ್ರೀ?” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಖತೀಜಾಬಿ ನನ್ನನ್ನು ನೋಡಿದರು. ಆಮೇಲೆ ಹಾಸಿಗೆಯ ಪಕ್ಕದ ಗೋಡೆಗೆ, ಬಾಯೊಪ್ಪಿಗೆಯ ನಿಯಮವನ್ನು ಪೂರ್ತಿ ಓದಲು ಹೇಳಿದರು. ಗೋಡೆ ನಿಧಾನವಾಗಿ ಓದಿತು. ಕೊನೆಯ ಕಡೆ ಒಂದು ಸಾಲು ಬಂತು. ರೋಗಿಯು ತನ್ನ ಮನೆಯ ವಾಡಿಕೆಯ ಮಾತಿನಲ್ಲೇ ಒಪ್ಪಿಗೆ ಹೇಳಬಹುದು, ಅರ್ಥವಾಯಿತೆಂದು ಆಸ್ಪತ್ರೆಯ ಇಬ್ಬರು ಹೇಳಿದರೆ ಅದು ಒಪ್ಪಿಗೆಯೇ ಎಂದು. “ಕಲಿಯೂ ಮುಂದ ಓದಿದ್ದೆ. ಯಾರೂ ಕೇಳಿದ್ದಿಲ್ಲ, ಮರತಿದ್ದೆ” ಎಂದರು ಖತೀಜಾಬಿ.

ಅಜ್ಜಿ ಮುಖವನ್ನು ಈ ಕಡೆ ತಿರುಗಿಸಿದಳು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. “ನನ್ನ ಕಾಲಿಲೆ ನಾ ನಡ್ಯೂತನಕ ನಿಮ್ಮ ಹಾಸಿಗಿ ಬಿಡೂದಿಲ್ಲ. ನಡ್ಯಾಕ ಬಂದ ದಿನ ಯಾರು ಹಿಡದ್ರೂ ನಿಂದರೂದಿಲ್ಲ. ತಿಳೀತೇನ?”

“ತಿಳೀತು” ಎಂದರು ಡಾಕ್ಟರು. “ನನಗೂ” ಎಂದರು ಖತೀಜಾಬಿ. ಕಳೆದ ರಾತ್ರಿ ಲೆಕ್ಕಕ್ಕೆ ಬರಲಿಲ್ಲ, ಒಳಗಿನವಳೆಂದು ಎಣಿಕೆ ಆಗಿನಿಂದಲೇ ಶುರುವಾಯಿತು.

ಮೂರು ರಾತ್ರಿ ತುಂಬಿದ ಮೇಲೆ ನಡೆಮನೆಗೆ ಕಳಿಸಿದರು. ಅಲ್ಲಿ ಅಜ್ಜಿ ಎಲ್ಲರನ್ನೂ ಗೋಳುಹೊಯ್ದುಕೊಂಡಳು. ಅಲ್ಲಿ ನೆಲಕ್ಕೆ ಮೆತ್ತನೆಯ ಮಣ್ಣು ಹಾಸಿರುತ್ತಾರೆ, ಎರಡೂ ಕಡೆ ಬಿದಿರಿನ ಕಟಕಟೆ ಇರುತ್ತದೆ. ಗೋಡೆಗೆ ಊರಿನ ಬೀದಿಗಳ ಚಿತ್ರ ಬರೆದಿದ್ದಾರೆ, ನಡೆಯುವವರಿಗೆ ತಮ್ಮ ಓಣಿಯಲ್ಲೇ ಹೋದಂತೆ ಅನ್ನಿಸಲಿ ಎಂದು. ಕಟಕಟೆ ಹಿಡಿದು ನಿಂತ ಮೊದಲ ದಿನ ನೋವಿಗೆ ಅತ್ತಳು, ನಡೆಸುವ ಹುಡುಗಿಯನ್ನು ಬೈದಳು, ಆಮೇಲೆ ಅವಳಿಗೇ ಗಂಡು ನೋಡಲು ಶುರುಮಾಡಿದಳು. ನಾನು ಬಿಸಿಲು ಇಳಿದ ಮೇಲೆ ಹೋಗಿ ಪಕ್ಕದಲ್ಲಿ ನಡೆಯುತ್ತಿದ್ದೆ. ಒಂದು ದಿನ ಅಜ್ಜಿ ನನ್ನನ್ನು ಹಿಂದೆ ಹಾಕಿದಳು.

ಮನೆಯ ವಾಡಿಕೆಯ ಮಾತಿನಲ್ಲೇ ಒಪ್ಪಿಗೆ ಹೇಳಬಹುದೆಂಬ ಆ ಸಾಲನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ. ತುಂಬ ಹಳೆಯದು, ನಿಮ್ಮ ಕಾಲದಲ್ಲೋ ನಿಮ್ಮ ಮಕ್ಕಳ ಕಾಲದಲ್ಲೋ ಸೇರಿಸಿದ್ದು ಎಂದು ಖತೀಜಾಬಿ ಹೇಳಿದರು. ಯಾವುದೋ ಕೋಣೆಯಲ್ಲಿ ಕೂತು, ಎಂದೂ ನೋಡದ ಒಬ್ಬ ಮುದುಕಿ ಭಯಪಡಬಹುದು ಎಂದು ಯೋಚಿಸಿದವರು ನಿಮ್ಮಲ್ಲಿ ಯಾರೋ ಇದ್ದೀರಿ. ಕೂತೇ ಹೇಳಬೇಕು ಎಂದು ಬರೆದವರೂ ಇದ್ದೀರಿ. ನಿಮಗೆ ನಮ್ಮ ಓಣಿಯವರೆಲ್ಲರ ಪರವಾಗಿ ಕೈಮುಗಿಯುತ್ತೇನೆ. ಒಂದು ವೇಳೆ ಅದನ್ನು ನೀವು ಇನ್ನೂ ಬರೆದಿಲ್ಲವಾದರೆ, ದಯವಿಟ್ಟು ಬರೆಯಿರಿ. ನಾವು ಕಾಯುತ್ತಿದ್ದೇವೆ.

ಇನ್ನೊಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯ ಹಿರಿಯರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಅವರ ಕಾವಲು ಅಲ್ಲಿ ನಡೆಯುತ್ತದೆಯೇ ಎಂದು ಮುಂಚೆ ಕೇಳಿ. ಮಲಗಿಸಿದ ಮೇಲೆ, ಇವರು ದಾಖಲಾಗಿದ್ದಾರೆಯೇ ಅಥವಾ ಬರೀ ನೋಟದಲ್ಲಿದ್ದಾರೆಯೇ ಎಂದು ಆ ದಿನವೇ ಕೇಳಿ. ಹಾಸಿಗೆ ಸಿಕ್ಕಿತಲ್ಲ ಎಂದು ಸುಮ್ಮನಿರಬೇಡಿ. ಕೇಳಲು ನಾಚಿಕೆಯಾಗುತ್ತದೆ, ನನಗೆ ಗೊತ್ತು. ಸಣ್ಣ ದನಿಯಲ್ಲಿ ಕೇಳಿದರೂ ಸಾಕು.

ಪೆನ್ಸಿಲು ಮುಗಿಯುತ್ತ ಬಂತು. ಇಂದು ಮನೆಗೆ ಹೊರಡುವ ದಿನವೆಂದು ಬೆಳಿಗ್ಗೆ ಬೇಗ ಎದ್ದು, ಅಜ್ಜಿಯ ಚಪ್ಪಲಿಯ ಪಟ್ಟಿಯನ್ನು ಹೊಲಿದುಕೊಟ್ಟೆ. ನಡೆದು ನಡೆದು ಸವೆದು ಹರಿದಿತ್ತು.