ಅತ್ತಿಗೆ ಹಾಕದ ಉಪ್ಪು

ಅಮ್ಮಾ,

ನಿನ್ನ ಕಾಗದ ಈಗಷ್ಟೇ ಓದಿದೆ. ಚಹಾಕ್ಕೂ ಉಪ್ಪು ಸುರೀತಾಳೆ ಅಂತ ಅತ್ತಿಗೇನ ಬೈಬೇಡ, ಅವಳ ತಪ್ಪಲ್ಲ.

ನಮ್ಮ ದ್ವೀಪದ ಬಂಡೆ ಕೊರೆದು ಒಳಗೆ ತುಂಬಿಟ್ಟ ಕಚ್ಚಾ ಎಣ್ಣೆ ಸೋರದ ಹಾಗೆ ಸುತ್ತಲಿನ ನೆಲದೊಳಗಿನ ಸಿಹಿನೀರೇ ಒತ್ತಿ ಹಿಡಿದಿರೋದು; ನಮ್ಮ ಬಾವಿಗೆ ಬರೋದೂ ಅದೇ ನೀರು. ಆ ನೀರನ್ನು ದಿನಾ ಅಳೆಯೋದು ನನ್ನ ಕೆಲಸ. ಹದಿನೈದು ದಿನದಿಂದ ಮೀಟರು ಉಪ್ಪು ಏರ್ತಿದೆ ಅಂತಿತ್ತು. ಮೀಟರೇ ಕೆಟ್ಟಿದೆ ಅಂದ್ಕೊಂಡು ಹಳೇ ಅಂಕಿಯನ್ನೇ ಬರೀತಾ ಬಂದೆ. ಸಿಹಿನೀರು ಇಳಿದು ಸಮುದ್ರ ಒಳಗೆ ನುಗ್ಗಿದೆ ಅಂತ ಈಗ ನಿನ್ನ ಚಹಾ ಹೇಳ್ತಿದೆ; ಇನ್ನು ಎಣ್ಣೆಯೂ ಸೋರಬಹುದು.

ಸಾಹೇಬರ ಹತ್ತಿರ ಈಗಲೇ ಹೋಗಿ ಒಪ್ಕೋತೀನಿ. ಈ ಕಾಗದ ತಂದ ಡ್ರೈವರ್ ಕೈಲಿ ಪರೀಕ್ಷೆಗೆ ಒಂದು ಬಾಟಲಿ ಬಾವಿನೀರು ಕಳಿಸು.

ಒಲೆ ಹಚ್ಚೋ ಮುಂಚೆ ನೀರು ಸೇದಿ ಮೂಸಿ ನೋಡು. ಎಣ್ಣೆ ವಾಸನೆ ಬಂದರೆ ಬೆಂಕಿ ಹಚ್ಚಬೇಡಿ. ಹಟ ಮಾಡದೆ ಅತ್ತಿಗೆ ಕೈ ಹಿಡ್ಕೊಂಡು ದೋಣಿ ಹತ್ತು. ನನ್ನ ದಾರಿ ಕಾಯಬೇಡ.

ನಿನ್ನ ಕಿರಿಮಗ