ನನ್ನ ಏಟನ್ನು ವಿಡಿಯೋ ಗೇಮಿನ ಹೆಸರಿಗೆ ಬರೆದವರಿಗೆ

ತಾಲ್ಲೂಕು ಸನ್ನಡತೆ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಾನು ಹೊಡೆದದ್ದು ನಿಜ. 2003ರ ಜೂನ್ ಹತ್ತೊಂಬತ್ತರ ಗುರುವಾರ ಸಂಜೆ ನಾಲ್ಕು ಹತ್ತಕ್ಕೆ, ತಿ. ನರಸೀಪುರದ ‘ಶಾಂತಿ ವಿಡಿಯೋ ಗೇಮ್ಸ್’ ಅಂಗಡಿಯಲ್ಲಿ, ತಮ್ಮ ಸಮಿತಿಯ ವೀಕ್ಷಕ ಬೆಟ್ಟಸ್ವಾಮಿಯವರ ಎಡಗೆನ್ನೆಗೆ ನನ್ನ ಬಲಗೈಯಿಂದ ಬಾರಿಸಿದೆ. ಆದರೆ ತಮ್ಮ ವರದಿಯಲ್ಲಿ ಅದನ್ನು ‘ವಿಡಿಯೋ ಗೇಮಿನ ದುಷ್ಪರಿಣಾಮ’ ಎಂದು ನಮೂದಿಸಲಾಗಿದೆ. ಐವತ್ತೊಂಬತ್ತು ವರ್ಷದ ಬಾಳಿನಲ್ಲಿ ನಾನು ಹೊಡೆದದ್ದು ಅದೊಂದೇ ಏಟು. ಅದನ್ನೂ ನನ್ನಿಂದ ಕಿತ್ತು ಒಂದು ಪ್ಲಾಸ್ಟಿಕ್ ಡಬ್ಬಿಗೆ ಕೊಡುವುದು ಯಾವ ನ್ಯಾಯ?

ಓದುವವರಿಗೆ ಹಿನ್ನೆಲೆ ತಿಳಿದಿರಲಿ. ಮೇ ತಿಂಗಳಲ್ಲಿ ಬಸ್ ನಿಲ್ದಾಣದ ಬಳಿ ಇಬ್ಬರು ಪಿಯುಸಿ ಹುಡುಗರು ಕಿಟಕಿ ಪಕ್ಕದ ಸೀಟಿಗಾಗಿ ಹೊಡೆದಾಡಿದರು. ಅವರಲ್ಲಿ ಒಬ್ಬ ಶಾಂತಿ ಎಂಬಾಕೆಯ ಈ ಅಂಗಡಿಗೆ ಹೋಗುತ್ತಿದ್ದ. ಬಸ್ಸಿನಲ್ಲೂ ಹೋಗುತ್ತಿದ್ದ, ಆದರೆ ಬಸ್ಸಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ತಾವು ಸಭೆ ಕರೆದಿರಿ. ಪರದೆಯ ಮೇಲೆ ಹೊಡೆದಾಡಿದವನು ಬೀದಿಯಲ್ಲೂ ಹೊಡೆದಾಡುತ್ತಾನೆಯೇ ಎಂಬುದನ್ನು ವೈಜ್ಞಾನಿಕವಾಗಿ ತಿಳಿಯಬೇಕೆಂದು, ತಾಲ್ಲೂಕಿನಲ್ಲೇ ಅತ್ಯಂತ ಸಾಧು ಮನುಷ್ಯನೊಬ್ಬನನ್ನು ಹತ್ತು ದಿನ, ದಿನಕ್ಕೆ ನಾಲ್ಕು ಗಂಟೆ ಆಟಕ್ಕೆ ಕೂರಿಸಿ ಪರೀಕ್ಷಿಸಲು ತೀರ್ಮಾನಿಸಿದಿರಿ. ಆ ಸಾಧು ಮನುಷ್ಯ ನಾನು. ಮೂವತ್ತೊಂದು ವರ್ಷ ಗ್ರಂಥಪಾಲಕನಾಗಿ ಪಿಸುಮಾತಿನಲ್ಲೇ ಕೆಲಸ ಮಾಡಿದವನು.

ತಮ್ಮ ಪತ್ರ ಬಂದಾಗ ನನಗೆ ಹೆಮ್ಮೆಯಾದದ್ದನ್ನು ಮುಚ್ಚಿಡುವುದಿಲ್ಲ. ಹೆಂಡತಿ ರುದ್ರಮ್ಮ ಮಾತ್ರ ಪತ್ರ ನೋಡಿ, “ಕೋಪ ಮಾಡ್ಕೊಳಕ್ಕೂ ಸಮಿತಿಯಿಂದ ಆರ್ಡರ್ ಬರ್ಬೇಕಾ ನಿಮ್ಗೆ?” ಎಂದಳು.

ಅಂಗಡಿ ಎಂದರೆ ಎಂಟಡಿಯ ಒಂದು ಕೋಣೆ. ಶಾಂತಿಯ ಗಂಡ ಅಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ. ಅವನು ಜ್ವರ ಬಂದು ತೀರಿಕೊಂಡ ಮೇಲೆ, ರಿಪೇರಿಗೆ ಬಂದು ವಾರಸುದಾರರಿಲ್ಲದೆ ಉಳಿದ ಎರಡು ಟಿವಿಗಳಿಗೆ ಗೇಮ್ ಜೋಡಿಸಿ ಆಕೆ ಬದುಕು ನಡೆಸುತ್ತಿದ್ದಳು. ನನಗೆ ಕೊಟ್ಟದ್ದು ಇಬ್ಬರು ಬರಿಗೈಯಲ್ಲಿ ಕಾದಾಡುವ ಆಟ. ನನ್ನ ಕಡೆಯವನು ಬಿಳಿ ಬಟ್ಟೆಯವನು, ಎದುರಾಳಿಗೆ ಮೈತುಂಬ ಕೂದಲು.

“ಸಾ, ಬಟನ್ ಒತ್ತಿ ಸಾ, ಸುಮ್ಕೆ ನಿಂತ್ರೆ ಸತ್ತೋಯ್ತೀರ!” ಎಂದು ಶಾಂತಿ ಕೂಗುತ್ತಿದ್ದಳು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಸತ್ತಿರುತ್ತಿದ್ದೆ. ಮಾನ್ಯರೇ, ಹತ್ತು ದಿನದಲ್ಲಿ ನನ್ನ ಒಂದೇ ಒಂದು ಏಟೂ ಆ ಕೂದಲಿನವನಿಗೆ ತಗುಲಲಿಲ್ಲ. ಆ ಆಟ ನನಗೆ ಏನಾದರೂ ಕಲಿಸಿದ್ದರೆ, ಅದು ಒದೆ ತಿನ್ನುವುದನ್ನು. ಅದರಲ್ಲಿ ನನಗೆ ಮೊದಲೇ ಸಾಕಷ್ಟು ಅನುಭವವಿತ್ತು.

ಐದನೆಯ ದಿನದ ಹೊತ್ತಿಗೆ ಬೆಟ್ಟಸ್ವಾಮಿ ಚಡಪಡಿಸತೊಡಗಿದರು. “ಸಾ, ಕ್ವಾಪ ಬತ್ತಾ ಇಲ್ವಾ? ವಸಿನಾರೂ?” ಎಂದು ಗಂಟೆಗೊಮ್ಮೆ ಕೇಳುತ್ತಿದ್ದರು. ಏಳನೆಯ ದಿನ ನನ್ನ ಕಾಫಿಯನ್ನು ಅವರೇ ಕುಡಿದರು. ಎಂಟನೆಯ ದಿನ ನನ್ನ ಎಡ ಚಪ್ಪಲಿಯನ್ನು ಚರಂಡಿಗೆ ಹಾಕಿದರು. ನಾನು ಅದನ್ನು ಎತ್ತಿ ತೊಳೆದುಕೊಂಡೆ. ಒಂಬತ್ತನೆಯ ದಿನ ಪಾಪ, ಅವರು ಕೈಮುಗಿದರು.

“ಸಾ, ರಿಪೋರ್ಟು ಆಗ್ಲೇ ಪ್ರಿಂಟ್ ಆಗ್ಬುಟ್ಟದೆ. ‘ಪರೀಕ್ಷಾರ್ಥಿ ರೊಚ್ಚಿಗೆದ್ದು ಹಲ್ಲೆ ನಡೆಸಿದರು’ ಅಂತ. ಒಂದೇ ಒಂದು ಏಟು ಒಡೀರಿ ಸಾ. ಮೆತ್ಗೆ ಒಡುದ್ರೂ ಸಾಕು. ಟೈಮು ಬರಿಯೋಕೆ ಜಾಗ ಬುಟ್ಟವ್ರೆ.”

“ಆಗಲ್ಲ ಕಣಪ್ಪ, ನಂಗೆ ಬರಲ್ಲ,” ಎಂದೆ. ನಿಜವಾಗಿಯೂ ಬರುತ್ತಿರಲಿಲ್ಲ.

ಹತ್ತನೆಯ ದಿನ ಮೂರೂವರೆಗೆ ಕರೆಂಟು ಹೋಯಿತು. ಇದನ್ನು ದಯವಿಟ್ಟು ಎರಡು ಸಲ ಓದಿ. ಏಟು ಬಿದ್ದದ್ದು ನಾಲ್ಕು ಹತ್ತಕ್ಕೆ. ಯಂತ್ರ ಸತ್ತು ನಲವತ್ತು ನಿಮಿಷವಾಗಿತ್ತು. ಕತ್ತಲೆ ಕೋಣೆಯಲ್ಲಿ ಶಾಂತಿ ನನ್ನ ಪಕ್ಕ ಮಣೆ ಹಾಕಿಕೊಂಡು ಕುಳಿತು, ಯಾವ ಬಟನ್ನಿಗೆ ಯಾವ ಬೆರಳು ಎಂದು ತಾಳ್ಮೆಯಿಂದ ತೋರಿಸುತ್ತಿದ್ದಳು. ಬೆಟ್ಟಸ್ವಾಮಿ ಬಾಗಿಲಿಗೆ ಒರಗಿಕೊಂಡು, “ನಿನ್ ಗಂಡ ಬದ್ಕಿದ್ರೆ ಇಂಗೆ ಗಂಡಸ್ರು ಪಕ್ಕ ಅಂಟ್ಕಂಡು ಕುಂತ್ಕತಿದ್ಯೇನವ್ವ?” ಎಂದರು.

ಶಾಂತಿ ಎದ್ದು ಮಣೆಯನ್ನು ಗೋಡೆಗೆ ಒರಗಿಸಿ, ನಮಗೆ ಬೆನ್ನು ಮಾಡಿ ನಿಂತಳು.

ನನ್ನ ಕೈ ಎದ್ದದ್ದು ನನಗೆ ಗೊತ್ತಾಗಲಿಲ್ಲ. ಬಿದ್ದದ್ದು ಚೆನ್ನಾಗಿ ಗೊತ್ತಾಯಿತು. ಬೆಟ್ಟಸ್ವಾಮಿ ಕೆನ್ನೆ ಉಜ್ಜಿಕೊಂಡರು, ಗಡಿಯಾರ ನೋಡಿದರು, ಜೇಬಿನಿಂದ ವರದಿ ತೆಗೆದು ಸಮಯ ಬರೆದರು. “ಥ್ಯಾಂಕ್ಸ್ ಸಾ. ಇಲ್ಲೊಂದು ಸೈನ್ ಆಕಿ,” ಎಂದರು. ನಾನು ಓದದೆಯೇ ಸಹಿ ಹಾಕಿಬಿಟ್ಟೆ.

ಹೊಡೆದದ್ದು ತಪ್ಪು. ಮಾರನೆಯ ದಿನ ಹೋಗಿ ಕ್ಷಮೆಯನ್ನೂ ಕೇಳಿದೆ. “ಬುಡಿ ಸಾ, ಕೆಲ್ಸ ಆಯ್ತಲ್ಲ,” ಎಂದು ಅವರು ನನಗೆ ಕಾಫಿ ಕೊಟ್ಟರು. ಆದರೆ ತಪ್ಪಿಗೂ ಒಬ್ಬ ಯಜಮಾನ ಇರುತ್ತಾನೆ ಮಾನ್ಯರೇ. ಒಬ್ಬ ಹೆಂಗಸಿನ ಬಗ್ಗೆ ಹೀನಾಯವಾಗಿ ಮಾತಾಡಿದ್ದಕ್ಕೆ ನನಗೆ ಸಿಟ್ಟು ಬಂತು. ಆ ಸಿಟ್ಟು ಯಾವ ಗೇಮ್ ಕ್ಯಾಸೆಟ್ಟಿನಲ್ಲಿತ್ತು? ಬೆಟ್ಟಸ್ವಾಮಿಯವರು ಒಂದು ದಿನವೂ ಆಟ ಮುಟ್ಟಿದವರಲ್ಲ. ಅವರ ಆ ಮಾತು ಯಾವ ಗೇಮಿನ ದುಷ್ಪರಿಣಾಮ? ಅದಕ್ಕೂ ಒಂದು ಪರೀಕ್ಷೆ ನಡೆಸುವ ಉದ್ದೇಶ ಸಮಿತಿಗಿದೆಯೇ?

ಆ ವರದಿಯ ಮೇಲೆ ಮುಂದಿನ ಸೋಮವಾರವೇ ಅಂಗಡಿಗೆ ಬೀಗಮುದ್ರೆ ಬಿತ್ತು. ಈಗ ನಾನು ಬಸ್ಸು ಹತ್ತಿದರೆ ಜನ ಎದ್ದು ಸೀಟು ಬಿಡುತ್ತಾರೆ. ತಮ್ಮ ಕಚೇರಿಯ ಗುಮಾಸ್ತರು ನನ್ನನ್ನು ಕಂಡರೆ ಫೈಲು ಅಡ್ಡ ಹಿಡಿಯುತ್ತಾರೆ. ರುದ್ರಮ್ಮ ಒಬ್ಬಟ್ಟು ಮಾಡಿದಳು. ಅಂದು ಹಬ್ಬವೇನೂ ಇರಲಿಲ್ಲ. ಇದೆಲ್ಲ ನನಗೆ ಸ್ವಲ್ಪ ಹಿತವಾಗಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಏಕೆಂದರೆ ಮೊನ್ನೆ ಶಾಂತಿಯನ್ನು ಕಂಡೆ. ಯಾರದೋ ಗದ್ದೆಯಲ್ಲಿ ಕಳೆ ಕಿತ್ತು ಬರುತ್ತಿದ್ದಳು. ಅವಳಿಗೋಸ್ಕರವೇ ಹೊಡೆದೆನೆಂಬ ಜಂಬ ನನ್ನಲ್ಲಿತ್ತೇನೋ. ಅವಳು ನಿಂತು, ಸಿಟ್ಟಿಲ್ಲದೆ ಹೇಳಿದಳು: “ನೀವು ಒಡೀದೆ ಇದ್ದಿದ್ರೆ ಅಂಗ್ಡಿ ಉಳ್ಕತಿತ್ತು ಸಾ. ಅಂತಾ ಮಾತು ನಂಗೆ ದಿನಾ ಬತ್ತದೆ.”

ಅದಕ್ಕೇ ಈ ಪತ್ರ. ವರದಿಯಿಂದ ವಿಡಿಯೋ ಗೇಮ್ ಎಂಬ ಪದ ಹೊಡೆದುಹಾಕಿ ನನ್ನ ಹೆಸರು ಬರೆಯಿರಿ. ಕೇಸು ಹಾಕುವುದಿದ್ದರೆ ನನ್ನ ಮೇಲೆ ಹಾಕಿ, ನಾನು ನಿರಾಕರಿಸುವುದಿಲ್ಲ. ಬೀಗಮುದ್ರೆ ತಪ್ಪು ಬಾಗಿಲಿಗೆ ಬಿದ್ದಿದೆ. ಅದನ್ನು ಈ ವಾರವೇ ತೆಗೆಯಿರಿ. ಸರಿಯಾದ ವಿಳಾಸ ಕೆಳಗಿದೆ.

ಇಂತಿ,
ಯಾರ ಪ್ರಚೋದನೆಯೂ ಇಲ್ಲದೆ ಸ್ವಂತ ಬುದ್ಧಿಯಿಂದ ಕೆಟ್ಟ,
ಮಹದೇವಯ್ಯ, ನಿವೃತ್ತ ಗ್ರಂಥಪಾಲಕ
ಹೆಮ್ಮಿಗೆ, ತಿ. ನರಸೀಪುರ ತಾಲ್ಲೂಕು
(ಹಗಲು ಹೊತ್ತು ಮನೆಯಲ್ಲೇ ಇರುತ್ತೇನೆ)